ಮಾರ್ಗಿಟ್ ಆಂಟಿಯ ಗಾದೆಗಳೂ ನನ್ನ ನಾಲ್ಕು ಕಾಲಮ್ಮೂ

ಈ ವಾರ ಈ ಅಂಕಣದಲ್ಲಿ ಒಂದೂ ಗಾದೆ ಇಲ್ಲ. ಬೇಕಾದರೆ ಬೆರಳಿಟ್ಟು ಹುಡುಕಿ.

ಗಾಬರಿ ಬೇಡ, ನೀವು ತಪ್ಪು ಪುಟ ತೆರೆದಿಲ್ಲ. ಮೇಲಿನ ಫೋಟೋದಲ್ಲಿ ಹಲ್ಲು ಕಿರಿಯುತ್ತಿರುವವಳು ನಾನೇ. (ಫೋಟೋ ಎಂಟು ಕೆಜಿ ಹಳೆಯದು.) ವಾರಕ್ಕೆ ನಾಲ್ಕಾದರೂ ಗಾದೆ ಉದುರಿಸದೆ ಅಂಕಣ ಮುಗಿಸಿದವಳಲ್ಲ ನಾನು. ಅದರಲ್ಲೂ ಕಳೆದ ಎಂಟು ತಿಂಗಳಿಂದ ಹಂಗೇರಿ ದೇಶದ ಗಾದೆಗಳನ್ನು ನಿಮಗೆ ತಟ್ಟೆ ತುಂಬ ಬಡಿಸಿದ್ದೇನೆ. ನೀವೂ ಚಪ್ಪರಿಸಿದ್ದೀರಿ. "ಮೇಡಂ, ಇವು ಥೇಟ್ ನಮ್ಮಜ್ಜಿ ಹೇಳ್ತಿದ್ದ ಹಾಗೇ ಇವೆ, ಹಂಗೇರಿಯವರು ಯಾವಾಗ ನಂಜನಗೂಡಿಗೆ ಬಂದು ಹೋದರು?" ಎಂದು ಒಬ್ಬರು ಇಮೇಲ್ ಹಾಕಿದ್ದರು. ಅದನ್ನು ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸಿದ್ದೆ.

ಹೋದ ಸೋಮವಾರ ಕಿತ್ತು ಹಾಕಿದೆ. ಯಾಕೆ ಅಂತ ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ಹೇಗೂ ಹೋಗುವ ಮಾನ, ನನ್ನ ಕೈಯಿಂದಲೇ ಹೋಗಲಿ.

ಈ ಗಾದೆಗಳ ಗಣಿ ಇರುವುದು ಈ ಪರದೇಶದಲ್ಲಿ ನಾವಿರುವ ಬುಕಿತ್ ಬಾಟೋಕ್ ಬಡಾವಣೆಯ ಸರ್ಕಾರಿ ಫ್ಲ್ಯಾಟುಗಳ ಬ್ಲಾಕಿನಲ್ಲೇ, ಒಂಬತ್ತನೇ ಮಹಡಿಯಲ್ಲೇ, ನಮ್ಮ ಮನೆಯಿಂದ ನಾಲ್ಕನೇ ಬಾಗಿಲು. ಹೆಸರು ಮಾರ್ಗಿಟ್. ವಯಸ್ಸು ಅರವತ್ತರ ಹತ್ತಿರ. ಗಂಡ ಹಡಗಿನ ಇಂಜಿನ್ ರಿಪೇರಿ ಮಾಡುವ ಇಂಜಿನಿಯರ್. ಈಗ ಎಲ್ಲದಕ್ಕೂ ಬೂಮ್ ಅಲ್ಲವೇ? ಹಡಗಿಗೂ ಬೂಮ್. ಹಾಗಾಗಿ ಪುಣ್ಯಾತ್ಮ ತಿಂಗಳಲ್ಲಿ ಮೂರು ವಾರ ಸಮುದ್ರದಾಚೆ ಬಾತಮ್ ದ್ವೀಪದಲ್ಲಿ. ಮಕ್ಕಳಿಲ್ಲ. ಮಾರ್ಗಿಟ್ ಮನೆಯಲ್ಲೇ ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತಾರೆ. ನಮ್ಮ ಒಂಬತ್ತು ವರ್ಷದ ಸಿರಿಯೂ ಅವರ ಸ್ಟೂಡೆಂಟ್.

ಪರಿಚಯ ಆಗಿದ್ದು ಪಿಯಾನೋದಿಂದ ಅಲ್ಲ, ಬಿಸಿಲಿನಿಂದ. ನಮ್ಮ ಕಾರಿಡಾರಿನಲ್ಲಿ ಬಿಸಿಲು ಬೀಳುವುದು ಒಂದೇ ಮೂಲೆಗೆ. ಅಲ್ಲಿ ನಾನು ಮಜ್ಜಿಗೆ ಮೆಣಸಿನಕಾಯಿಯ ತಟ್ಟೆ ಇಡುತ್ತಿದ್ದೆ. ಒಂದು ದಿನ ನೋಡಿದರೆ ನನ್ನ ತಟ್ಟೆಯ ಪಕ್ಕ ಒಂದು ದೊಡ್ಡ ಗಾಜಿನ ಜಾಡಿ. ಒಳಗೆ ನೀರಲ್ಲಿ ಮುಳುಗಿದ ಎಳೆ ಸೌತೆಕಾಯಿಗಳು, ಮೇಲೆ ಒಂದು ತುಂಡು ಬ್ರೆಡ್. ಯಾರೋ ಕಸ ಇಟ್ಟು ಹೋಗಿದ್ದಾರೆ ಎಂದುಕೊಂಡು ಎತ್ತಿಕೊಂಡು ಹೋಗಿ ಕಸ ಕೆಳಗಿಳಿಸುವ ಕೊಳವೆಯ ಬಾಯಿಗೆ ಸುರಿಯುವುದರಲ್ಲಿದ್ದೆ. ಹಿಂದಿನಿಂದ ಒಂದು ಕೂಗು ಬಂತು. ಅದು ಅವರ ಊರಿನ ಬೇಸಿಗೆ ಉಪ್ಪಿನಕಾಯಿಯಂತೆ! ಉಪ್ಪುನೀರು, ಬೆಳ್ಳುಳ್ಳಿ, ಹುಳಿ ಬರಿಸಲು ಬ್ರೆಡ್ಡು, ಮೂರು ದಿನ ಬಿಸಿಲು. ನಾನು ಕ್ಷಮೆ ಕೇಳಿದೆ. ಅವರು ನಕ್ಕು, ಅವಸರದ ಹೆಂಗಸರ ಬಗ್ಗೆ ತಮ್ಮೂರಿನ ಒಂದು ಗಾದೆ ಹೇಳಿದರು. ನಾನು ಬಿಡುತ್ತೇನೆಯೇ? ನಮ್ಮದೊಂದು ತಿರುಗಿಸಿ ಕೊಟ್ಟೆ.

ಅಲ್ಲಿಂದ ಶುರು. ಶನಿವಾರ ಬೆಳಿಗ್ಗೆ ಸಿರಿಯ ಕ್ಲಾಸು. ಅವಳು ಪಿಯಾನೋ ಮುಂದೆ, ನಾನು ಹಿಂದಿನ ಸೋಫಾದಲ್ಲಿ. ಸಿರಿ ತಪ್ಪು ನುಡಿಸಿದಾಗಲೆಲ್ಲ ಮಾರ್ಗಿಟ್ ಬಾಯಿಂದ ಒಂದು ಗಾದೆ. (ದೇವರ ದಯೆ, ಸಿರಿ ಧಾರಾಳವಾಗಿ ತಪ್ಪು ನುಡಿಸುತ್ತಾಳೆ.) ಮೊದಲು ಹಂಗೇರಿ ಭಾಷೆಯಲ್ಲಿ, ಆಮೇಲೆ ಅವರ ಒಡಕಲು ಇಂಗ್ಲಿಷಿನಲ್ಲಿ. ಮದುವೆ, ಮಳೆ, ಸೋಮಾರಿ ಅಳಿಯ, ಉಪ್ಪು ಜಾಸ್ತಿಯಾದ ಸಾರು, ಯಾವುದಕ್ಕುಂಟು ಯಾವುದಕ್ಕಿಲ್ಲ? ಬರೀ ಗಾದೆಯಲ್ಲ, ನಂಬಿಕೆಗಳೂ ಅಷ್ಟೇ. ಹೊಸ ವರ್ಷದ ದಿನ ಅವರಲ್ಲಿ ಕೋಳಿ ತಿನ್ನಬಾರದಂತೆ, ಅದು ಕಾಲಲ್ಲಿ ಕೆರೆದು ಅದೃಷ್ಟವನ್ನು ಹಿಂದಕ್ಕೆ ತಳ್ಳುತ್ತದಂತೆ. ಬೇಳೆ ತಿಂದರೆ ವರ್ಷವಿಡೀ ಕೈಯಲ್ಲಿ ದುಡ್ಡು ಆಡುತ್ತದಂತೆ. ನಾನು ನಮ್ಮ ಮನೆ ಹುಳಿ ತೆಗೆದುಕೊಂಡು ಹೋಗಿ, "ನಾವು ದಿನಾ ತಿಂತೀವಿ" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಗಾದರೆ ನೀವಿನ್ನೂ ಈ ಬ್ಲಾಕಿನಲ್ಲಿ ಯಾಕಿದ್ದೀರಿ?" ಅಂದರು.

ನ್ಯಾಯವಾದ ಪ್ರಶ್ನೆ. ನಮ್ಮ ಪರಿಚಯದವರೆಲ್ಲ ದುಬಾರಿ ಖಾಸಗಿ ಕಾಂಡೋ ಫ್ಲ್ಯಾಟ್ ಬುಕ್ ಮಾಡಿ ಆಗಿದೆ. ಒಬ್ಬರು ಪುಂಗೋಲ್‌ಗೆ ಶಿಫ್ಟ್ ಆಗಿ ನೀರಿನ ವ್ಯೂ ಬಗ್ಗೆ ದಿನಾ ಫೋನ್ ಮಾಡುತ್ತಾರೆ. ನಮಗೆ ಕಾರಿಡಾರಿನ ಬಿಸಿಲೇ ವ್ಯೂ.

ಈಗ ನನ್ನ ಕೆಲಸದ ಬಗ್ಗೆ ಒಂದು ಮಾತು. ನಾನು ಪಾಯಾ ಲೆಬಾರ್‌ನ ಒಂದು ಆಫೀಸಿನಲ್ಲಿ ಬಿಸಿನೆಸ್ ಅನಲಿಸ್ಟ್. ಹಾಗೆಂದರೇನು ಎಂದು ನಮ್ಮಮ್ಮ ಆರು ವರ್ಷದಿಂದ ಕೇಳುತ್ತಿದ್ದಾರೆ. ಸುಲಭ ಅಮ್ಮಾ: ಕ್ಲೈಂಟ್ ಎದುರು ಕೂತು, ಅವರಿಗೆ ನಿಜವಾಗಿ ಏನು ಬೇಕು ಅಂತ ಕೇಳಿ ತಿಳಿದು, ಬರೆದುಕೊಂಡು ಬರುವುದು. (ಅದಕ್ಕೆ ನಮ್ಮ ಆಫೀಸಿನಲ್ಲಿ ರಿಕ್ವೈರ್‌ಮೆಂಟ್ ಅನ್ನುತ್ತಾರೆ.) ಜನ ತಮಗೆ ಬೇಕಾದ್ದನ್ನು ನೇರವಾಗಿ ಹೇಳುವುದಿಲ್ಲ, ಮಾತಿನ ಹಿಂದಿರುವುದನ್ನು ಹಿಡಿಯಬೇಕು ಅಂತ ಹೊಸಬರಿಗೆ ಟ್ರೇನಿಂಗ್ ಕೊಡುವವಳೂ ನಾನೇ. ಅಂದರೆ, ಕೇಳಿಸಿಕೊಳ್ಳುವುದಕ್ಕೆ ಸಂಬಳ ಎಣಿಸುವವಳು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಹೀಗಾಗಿ ನನ್ನ ಗಾದೆ ನೋಟ್‌ಬುಕ್ಕಿನಲ್ಲೂ ಆಫೀಸಿನ ಶಿಸ್ತು. ಎಡಗಡೆ ತಾರೀಖು. ಆಮೇಲೆ ಅಡ್ಡಕ್ಕೆ ನಾಲ್ಕು ಕಾಲಮ್: ಅವರ ಗಾದೆ, ಅರ್ಥ, ಅದಕ್ಕೆ ಜೋಡಿಯಾಗುವ ನಮ್ಮ ಗಾದೆ, ಮತ್ತು ಸಂದರ್ಭ. ಯಾವ ಸಂದರ್ಭದಲ್ಲಿ ಹೇಳುತ್ತಾರೆ ಎಂದು ನಾನು ತಪ್ಪದೇ ಕೇಳುತ್ತಿದ್ದೆ, ಅವರು ಒಂದು ಉದಾಹರಣೆ ಕೊಡುತ್ತಿದ್ದರು. ಮೂರನೇ ಕಾಲಮ್ ಖಾಲಿ ಉಳಿದರೆ ನನಗೆ ಮೈಸೂರು ಪ್ರಾಂತ್ಯಕ್ಕೇ ಅವಮಾನವಾದಂತೆ. ಎಲ್ಲಿಂದಾದರೂ ಹುಡುಕಿ ತಂದು ತುಂಬುತ್ತಿದ್ದೆ. ತುಂಬಿದ ಮೇಲೆ ಗಟ್ಟಿಯಾಗಿ ಓದಿ ಹೇಳಿ, "ನೋಡಿ, ನಮ್ಮಲ್ಲೂ ಇದೆ!" ಎಂದು ಬೀಗುತ್ತಿದ್ದೆ.

ಹೋದ ಶನಿವಾರ.

ಸಿರಿ ಸ್ಕೇಲ್ಸ್ ನುಡಿಸುತ್ತಿದ್ದಳು. ಮಾರ್ಗಿಟ್ ಎದ್ದು ಬಂದು ಸೋಫಾದಲ್ಲಿ ನನ್ನ ಪಕ್ಕ ಕೂತರು. ಹಾಗೆ ಅವರು ಕ್ಲಾಸಿನ ಮಧ್ಯೆ ಏಳುವವರಲ್ಲ. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ದನಿ ತಗ್ಗಿಸಿ, ಒಂದು ಗಾದೆ ಹೇಳಿದರು. ದಾರಿಯ ಬಗ್ಗೆ, ಜೊತೆಗಾರರ ಬಗ್ಗೆ. ನಾನು ಇಲ್ಲಿ ಬರೆಯುವುದಿಲ್ಲ. ಆದರೆ ಕೇಳಿದೊಡನೆ ಅದು ಎಂಟು ತಿಂಗಳಲ್ಲೇ ಅತ್ಯಂತ ಚೆಂದದ್ದು ಅಂತ ನನಗೆ ಗೊತ್ತಾಯಿತು. ಮೈ ಜುಂ ಅಂದಿತು.

"ಒಂದು ನಿಮಿಷ, ಒಂದು ನಿಮಿಷ," ಅಂದೆ, ಬ್ಯಾಗಿನಲ್ಲಿ ಪೆನ್ನು ತಡಕಾಡುತ್ತಾ. "ಇನ್ನೊಂದ್ಸಲ ನಿಧಾನವಾಗಿ ಹೇಳಿ."

ಅವರು ಇನ್ನೊಮ್ಮೆ ಹೇಳಿದರು.

"ಇದನ್ನ ಯಾವಾಗ ಹೇಳ್ತೀರಿ? ಸಂದರ್ಭ?"

ಅವರು ಮಡಿಲಲ್ಲಿದ್ದ ತಮ್ಮ ಕೈಗಳನ್ನು ನೋಡಿಕೊಂಡರು. ಆಮೇಲೆ ಹೇಳಿದರು. "ಒಬ್ಬಳು ಹೆಂಗಸು ಸೋಮವಾರ ಆಸ್ಪತ್ರೆಗೆ ಹೋಗಬೇಕು. ಕೈ ಪರೀಕ್ಷೆ. ಗಂಡ ಬಾತಮ್‌ನಲ್ಲಿದ್ದಾನೆ. ಆಗ ಹೇಳ್ತೀವಿ."

ಎಂಥ ಜೀವಂತ ಉದಾಹರಣೆ! ಒಂದಕ್ಷರ ಬಿಡದೆ ಬರೆದುಕೊಂಡೆ.

ಇನ್ನು ಉಳಿದದ್ದು ಮೂರನೇ ಕಾಲಮ್. ಯೋಚಿಸಿದೆ, ಯೋಚಿಸಿದೆ, ಕೊನೆಗೆ ನಮ್ಮಜ್ಜಿಯ ಬತ್ತಳಿಕೆಯಿಂದ ಒಂದು ಸಿಕ್ಕಿತು. ನಿಜ ಹೇಳಬೇಕೆಂದರೆ ಅದು ಜೋಡಿಯಲ್ಲ, ಹೆಚ್ಚುಕಡಿಮೆ ತದ್ವಿರುದ್ಧ. ಯಾರನ್ನೂ ನೆಚ್ಚಿಕೊಳ್ಳದೆ ನಿನ್ನ ಕಾಲ ಮೇಲೆ ನಡೆ ಎನ್ನುವ ಧಾಟಿಯದು. ಆದರೆ ಅದರಲ್ಲೂ ದಾರಿ ಇತ್ತು, ಇದರಲ್ಲೂ ದಾರಿ ಇತ್ತು. ಕಾಲಮ್ ತುಂಬಿದರೆ ಸಾಕಲ್ಲ? ಇಂಗ್ಲಿಷಿಗೆ ತಿರುಗಿಸಿ, ಕೈ ಆಡಿಸಿ, ಅಭಿನಯ ಸಮೇತ ಹೇಳಿದೆ.

ಮಾರ್ಗಿಟ್ ತಲೆಯಾಡಿಸಿದರು. "ಹೌದು. ಅದೂ ನಿಜ," ಅಂದು ಎದ್ದು ಹೋಗಿ ಕಿಟಕಿ ಹತ್ತಿರ ನಿಂತರು. ಕ್ಲಾಸು ಹತ್ತು ನಿಮಿಷ ಮುಂಚೆ ಮುಗಿಯಿತು. ಸಿರಿ ಕುಣಿದಾಡಿದಳು. ನಾನಂತೂ ನೆಲದ ಮೇಲೇ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಗಂಡ ಸುಧೀಂದ್ರನ ಮುಂದೆ ನೋಟ್‌ಬುಕ್ ಬಿಚ್ಚಿದೆ. ಪಾಪ, ಎಂಟು ತಿಂಗಳಿಂದ ಶನಿವಾರದ ಊಟದ ಜೊತೆ ಈ ವ್ಯಂಜನವನ್ನೂ ನುಂಗುತ್ತಿರುವ ಮನುಷ್ಯ. ಹಂಗೇರಿ ಗಾದೆ ಓದಿದೆ. ಅರ್ಥ ಓದಿದೆ. ನಮ್ಮದನ್ನು ಓದಿ, "ಹೇಗಿದೆ ರೀ ಜೋಡಿ?" ಅಂದೆ. ಸಂದರ್ಭವನ್ನೂ ಓದಿದೆ.

ಅವನು ಮೊಸರನ್ನಕ್ಕೆ ಇಳಿದಿದ್ದವನು ಕೈ ನಿಲ್ಲಿಸಿದ.

"ಯಾವ ಆಸ್ಪತ್ರೆಯಂತೆ?"

"ಯಾವ ಆಸ್ಪತ್ರೆ ಅಂದ್ರೆ? ಅದು ಉದಾಹರಣೆ ರೀ."

"ಏನೇ ಉಷಾ, ಯಾರ ಗಂಡ ಬಾತಮ್‌ನಲ್ಲಿರೋದು?"

ನಾನು ನೋಟ್‌ಬುಕ್ ನೋಡಿದೆ. ಎಷ್ಟು ಮುದ್ದಾದ ಅಕ್ಷರಗಳಲ್ಲಿ ಬರೆದಿದ್ದೆ! ಸೋಮವಾರ. ಕೈ ಪರೀಕ್ಷೆ. ಗಂಡ ಬಾತಮ್‌ನಲ್ಲಿ. ಅಡಿಗೆರೆ ಬೇರೆ.

"ಮಾರ್ಗಿಟ್ ಆಂಟಿಗೆ ಕೈ ನೋವು ಅಲ್ವಾ ಅಮ್ಮಾ," ಅಂದಳು ಸಿರಿ, ಹಪ್ಪಳ ಮುರಿಯುತ್ತಾ. "ಅವ್ರು ಈಗ ನುಡಿಸಿ ತೋರಿಸೋದೇ ಇಲ್ಲ, ಬರೀ ಬಾಯಲ್ಲಿ ಹಾಡ್ತಾರೆ. ಎಲ್ರಿಗೂ ಗೊತ್ತಪ್ಪ."

ಎಲ್ಲರಿಗೂ ಗೊತ್ತಿತ್ತು. ಹಿಂದಿನ ಸೋಫಾದಲ್ಲಿ ಪೆನ್ನು ಹಿಡಿದು ಕೂತವಳೊಬ್ಬಳನ್ನು ಬಿಟ್ಟು.

ಎಂಜಲು ಕೈ ತೊಳೆದವಳೇ ಓಡಿದೆ. ನಾಲ್ಕು ಬಾಗಿಲಷ್ಟೇ ದೂರ, ಆದರೆ ಅವತ್ತು ಆ ಕಾರಿಡಾರ್ ಮುಗಿಯಲೇ ಇಲ್ಲ. ಮಾರ್ಗಿಟ್ ಗ್ರಿಲ್ ಬಾಗಿಲು ತೆಗೆಯಲಿಲ್ಲ, ಅದರ ಹಿಂದೆಯೇ ನಿಂತರು.

"ಸೋಮವಾರ ನಾನು ನಿಮ್ಮ ಜೊತೆ ಬರ್ತೀನಿ," ಅಂದೆ.

"ಬೇಡ. ಟ್ಯಾಕ್ಸಿ ಬುಕ್ ಮಾಡಿ ಆಯ್ತು. ನಿನಗೆ ಆಫೀಸಿದೆ."

"ನನಗೆ ಅರ್ಥ ಆಗಲಿಲ್ಲ ಮಾರ್ಗಿಟ್. ನಿಜವಾಗಿಯೂ ಅರ್ಥ ಆಗಲಿಲ್ಲ."

"ಅರ್ಥ ಆಗಿದೆ ಅಂತ ನಾನು ಅಂದುಕೊಂಡೆ," ಅಂದರು ಅವರು. ಕೋಪ ಇರಲಿಲ್ಲ, ಅದೇ ಕಷ್ಟ. "ನಾನು ಕೇಳಿದೆ. ನೀನು ನಿಮ್ಮ ಕಡೆಯ ಮಾತಿನಲ್ಲಿ ಉತ್ತರ ಕೊಟ್ಟೆ. ಅವರವರ ಕಾಲ ಮೇಲೆ ಅವರವರು ನಡೀಬೇಕು ಅಂತ. ಮರ್ಯಾದೆಯಾಗಿ ಇಲ್ಲ ಅಂದೆ ಅಂದುಕೊಂಡೆ. ಅದೇನೂ ತಪ್ಪಲ್ಲ."

ಓದುಗರೇ, ನಾನು ಹದಿನಾರು ವರ್ಷ ಗಾದೆ ಬಳಸಿ ಬರೆದವಳು. ಒಂದು ಗಾದೆ ಯಾರಿಗಾದರೂ ಹೀಗೆ ನಾಟಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ನನಗದು ಒಂದು ಚೌಕ ತುಂಬುವ ಸಾಮಾನು. ಅವರಿಗದು ಉತ್ತರ. ನಮ್ಮಜ್ಜಿ ಆ ಮಾತನ್ನು ಯಾವತ್ತೂ ಸುಮ್ಮನೆ ಹೇಳಿದವರಲ್ಲ, ಅಡುಗೆಮನೆಯ ಹೊಸ್ತಿಲಲ್ಲಿ ಅಳುತ್ತಾ ಕೂತ ಯಾರಿಗೋ ಹೇಳುತ್ತಿದ್ದರು, ಹೇಳುವಾಗ ಅವರ ಬೆನ್ನ ಮೇಲೆ ಕೈ ಇಟ್ಟಿರುತ್ತಿದ್ದರು. ಮಾತು ಕಲಿತೆ. ಕೈ ಇಡುವುದನ್ನು ನೋಟ್ ಮಾಡಿಕೊಳ್ಳಲಿಲ್ಲ.

ಗ್ರಿಲ್ ಮುಂದೆ ನಿಂತು ಗೋಗರೆದೆ. ನನಗೆ ಆಗ ಅಳು ಬಂತು ಎನ್ನುವುದನ್ನೂ ಹೇಳಿಬಿಡುತ್ತೇನೆ. ಕೊನೆಗೆ ಅವರು, ಬಹುಶಃ ಪಕ್ಕದ ಮನೆಯವರು ನೋಡುತ್ತಾರೆಂಬ ಮುಜುಗರಕ್ಕೆ, "ಸರಿ, ಎಂಟು ಗಂಟೆಗೆ," ಅಂದರು.

ಸೋಮವಾರ ಆಫೀಸಿನಲ್ಲಿ ಕ್ಲೈಂಟ್ ವರ್ಕ್‌ಶಾಪ್ ಇತ್ತು. ರಜೆ ಹಾಕಿದೆ. ಬಾಸ್ ಯಾಕೆ ಅಂದ. "ಒಂದು ರಿಕ್ವೈರ್‌ಮೆಂಟ್ ಮಿಸ್ ಆಗಿದೆ" ಅಂದೆ.

ಆಸ್ಪತ್ರೆಯ ವೇಟಿಂಗ್ ಹಾಲಿನಲ್ಲಿ ನಂಬರ್ ಚೀಟಿ ಹಿಡಿದು ಕೂತೆವು. ಎ.ಸಿ. ಕೊರೆಯುತ್ತಿತ್ತು. ನನ್ನ ಬಾಯಿಗೆ ತಾನೇ ತಾನಾಗಿ ಗಾದೆಗಳು ಬಂದು ಕ್ಯೂ ನಿಲ್ಲುತ್ತಿದ್ದವು, ಧೈರ್ಯದ್ದು, ತಾಳ್ಮೆಯದು, ದೇವರದು. ನುಂಗಿಕೊಂಡೆ. ಅವನ್ನೆಲ್ಲ ತೆಗೆದ ಮೇಲೆ ನೋಡಿದರೆ ನನ್ನ ಹತ್ತಿರ ಮಾತೇ ಇರಲಿಲ್ಲ! ನಲವತ್ತೊಂದು ವರ್ಷದ ಹೆಂಗಸು, ವಾರಕ್ಕೊಂದು ಅಂಕಣ, ಆದರೆ ಹೆದರಿ ಕೂತ ನೆರೆಯವರಿಗೆ ಹೇಳಲು ಸ್ವಂತದ್ದು ಒಂದು ವಾಕ್ಯವಿಲ್ಲ. ಕೊನೆಗೆ, "ಭಯ ಆಗ್ತಿದೆಯಾ?" ಅಂತ ಕೇಳಿದೆ. ಅಷ್ಟೇ ಹೊರಟಿದ್ದು.

"ಆಗ್ತಿದೆ," ಅಂದರು ಮಾರ್ಗಿಟ್. "ನನ್ನ ಅಮ್ಮನಿಗೂ ಬೆರಳಿನಿಂದಲೇ ಶುರುವಾಗಿದ್ದು. ಮೊದಲು ಸೂಜಿ ಹಿಡಿಯೋಕಾಗಲಿಲ್ಲ. ಎರಡು ವರ್ಷದಲ್ಲಿ ಚಮಚ ಹಿಡಿಯೋಕಾಗಲಿಲ್ಲ. ಆಮೇಲೆ ನಾನೇ ತಿನ್ನಿಸ್ತಿದ್ದೆ. ನನಗೆ ತಿನ್ನಿಸೋಕೆ ಯಾರಿದ್ದಾರೆ ಅಂತ ರಾತ್ರಿಯೆಲ್ಲಾ ಲೆಕ್ಕ ಹಾಕ್ತೀನಿ. ಪಿಯಾನೋ ಇಲ್ಲದೆ ನಾನು ಈ ಊರಲ್ಲಿ ಯಾರು, ಹೇಳು? ಬಾತಮ್‌ಗೆ ಹೋದವನ ಹೆಂಡತಿ, ಅಷ್ಟೇ."

ಇದರಲ್ಲಿ ಪ್ರಾಸ ಇಲ್ಲ, ಪ್ರಾಣಿ ಇಲ್ಲ, ಚಮತ್ಕಾರ ಇಲ್ಲ. ಯಾವ ಕಾಲಮ್ಮಿಗೂ ಕೂರುವ ಮಾತಲ್ಲ. ನಾನು ಸುಮ್ಮನೆ ಕೇಳಿಸಿಕೊಂಡೆ.

ಡಾಕ್ಟರ್ ಒಬ್ಬಳು ಚಿಕ್ಕ ವಯಸ್ಸಿನ ಚೈನೀಸ್ ಹುಡುಗಿ. "ಯಾವಾಗಿಂದ ಹೀಗಿದೆ?" ಅಂದಳು. ಮಾರ್ಗಿಟ್ ತಡವರಿಸಿದರು. ಕೆಲವು ವಾರ? ಒಂದೆರಡು ತಿಂಗಳು? ನೆನಪಿಲ್ಲ. ಡಾಕ್ಟರಿಗೆ ಸರಿಯಾದ ತಾರೀಖು ಬೇಕಿತ್ತು.

ನನ್ನ ಬ್ಯಾಗಿನಲ್ಲಿ ನೋಟ್‌ಬುಕ್ ಇತ್ತು. (ಹೌದು, ಒಯ್ದಿದ್ದೆ. ಚಟ ಅಂದರೆ ಚಟ.) ಏನೋ ಹೊಳೆದು ತೆರೆದೆ. ಗಾದೆಗಳನ್ನು ಬಿಟ್ಟು ನಾಲ್ಕನೇ ಕಾಲಮ್ಮನ್ನು ಮಾತ್ರ ಮೇಲಿಂದ ಕೆಳಕ್ಕೆ ಓದುತ್ತಾ ಹೋದೆ. ಚೈನೀಸ್ ನ್ಯೂ ಇಯರ್ ವಾರ. ಸಂದರ್ಭ: ಉಪ್ಪಿನಕಾಯಿ ಜಾಡಿಯ ಮುಚ್ಚಳ ತಿರುಗಿಸಲು ಆಗದಿದ್ದಾಗ. ಯುಗಾದಿಯ ಮಾರನೆಯ ದಿನ. ಸಂದರ್ಭ: ಕಾಫಿ ಕಪ್ಪು ಕೈಯಿಂದ ಜಾರಿ ಬಿದ್ದಾಗ. ಅದಾದ ಎರಡು ವಾರಕ್ಕೆ: ಬೆಳಗಿನ ಜಾವ ಬೆರಳು ಜೋಮು ಹಿಡಿದು ಎಚ್ಚರವಾದಾಗ. ಸಿರಿಯ ಎಕ್ಸಾಮ್ ಹಿಂದಿನ ಶನಿವಾರ: ಬ್ಲೌಸಿನ ಗುಂಡಿ ಹಾಕಿಕೊಳ್ಳಲು ಅರ್ಧ ಗಂಟೆ ಹಿಡಿದಾಗ.

ಓದುತ್ತಾ ನನ್ನ ದನಿ ನನಗೇ ಅಪರಿಚಿತವಾಯಿತು. ಐದು ತಿಂಗಳು ಅವರು ನನಗೆ ವಾರ ವಾರ ವರದಿ ಒಪ್ಪಿಸಿದ್ದರು. ನಾನು ವಾರ ವಾರ ಸಹಿ ಹಾಕಿದ ಹಾಗೆ ಬರೆದುಕೊಂಡಿದ್ದೆ.

ಡಾಕ್ಟರ್ ಹುಬ್ಬೇರಿಸಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಕೊಂಡಳು. "ವಾಹ್, ಇಷ್ಟು ಡೀಟೇಲ್ ಆಗಿ ಮನೆಯವರೂ ಹೇಳಲ್ಲ," ಅಂದಳು ಮಾರ್ಗಿಟ್ ಕಡೆ ತಿರುಗಿ. "ನಿಮ್ಮ ಫ್ರೆಂಡ್ ನಿಮ್ಮನ್ನ ತುಂಬಾ ಗಮನಿಸ್ತಾರೆ. ಯೂ ಆರ್ ಲಕ್ಕಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದು ಆರನೇ ಮಹಡಿ, ಆ ಸೌಕರ್ಯವೂ ಇರಲಿಲ್ಲ. ಮಾರ್ಗಿಟ್ ನನ್ನನ್ನು ನೋಡಿದರು. ಆಮೇಲೆ ನೋಟ್‌ಬುಕ್ಕನ್ನು ನೋಡಿದರು. ನಿಜ ಹೇಳಿ ಆ ಹೊಗಳಿಕೆಯನ್ನು ವಾಪಸ್ ಕೊಡುವ ಧೈರ್ಯ ನನಗೆ ಬರಲಿಲ್ಲ.

ಬೆರಳುಗಳಿಗೆ ತಂತಿ ಅಂಟಿಸಿ ಸಣ್ಣ ಕರೆಂಟ್ ಬಿಟ್ಟು ಪರೀಕ್ಷೆ ಮಾಡಿದರು. ಒಂದೊಂದು ಸಲವೂ ಅವರ ಕೈ ಹಾರುತ್ತಿತ್ತು. ಇನ್ನೊಂದು ಕೈ ನನ್ನ ಕೈಯಲ್ಲಿತ್ತು. ಅಮ್ಮನ ಕಾಯಿಲೆಯಲ್ಲ ಅಂತ ಡಾಕ್ಟರ್ ಹೇಳಿದಾಗ ಮಾರ್ಗಿಟ್ ಹಂಗೇರಿ ಭಾಷೆಯಲ್ಲಿ ಏನೋ ಅಂದರು. ಅದೇನೆಂದು ನಾನು ಕೇಳಲಿಲ್ಲ. ಬಲಗೈ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆಯಂತೆ. ಚಿಕ್ಕ ಆಪರೇಶನ್ ಸಾಕಂತೆ.

"ಮೊದಲಿನ ಹಾಗೆ ನುಡಿಸಬಹುದಾ?" ಮಾರ್ಗಿಟ್ ಕೇಳಿದರು.

"ಹೋಪ್‌ಫುಲಿ. ಪ್ರಾಮಿಸ್ ಮಾಡೋಕಾಗಲ್ಲ," ಅಂದಳು ಡಾಕ್ಟರ್. "ನರ ಸ್ವಲ್ಪ ವೀಕ್ ಆಗಿಬಿಟ್ಟಿದೆ. ಆ ಮುಚ್ಚಳದ ಟೈಮಿನಲ್ಲೇ ಬಂದಿದ್ದರೆ ಸುಲಭ ಇತ್ತು."

ಆ ಮುಚ್ಚಳದ ಟೈಮಿನಲ್ಲಿ ನಾನು ಏನು ಮಾಡುತ್ತಿದ್ದೆ ಗೊತ್ತೇ? ಆ ವಾರದ ಅಂಕಣ ತೆಗೆದು ನೋಡಿ. ಅದೇ ಗಾದೆ ಇದೆ. ನೀವೆಲ್ಲ ಮೆಚ್ಚಿ ಬರೆದಿದ್ದಿರಿ.

ಮಣಿಕಟ್ಟಿಗೆ ಗಟ್ಟಿ ಪಟ್ಟಿ ಕಟ್ಟಿ, ಆಪರೇಶನ್ ಆಗುವ ತನಕ ಕೈ ಆಡಿಸಬೇಡಿ ಅಂತ ಹೇಳಿ ಕಳಿಸಿದರು. ಟ್ಯಾಕ್ಸಿ ಹಿಡಿದು ಮನೆ ಕಡೆ ಹೊರಟೆವು. ಬುಕಿತ್ ಬಾಟೋಕ್ ತಿರುವು ಬರುವಾಗ ಮಾರ್ಗಿಟ್ ಎಡಗೈಯಲ್ಲಿ ತಮ್ಮ ಕೂದಲು ಸರಿ ಮಾಡಿಕೊಳ್ಳಲು ನೋಡಿದರು. ಗಂಟು ಬಿಚ್ಚಿ ಭುಜದ ಮೇಲೆ ಬಿತ್ತು. ಇನ್ನೊಮ್ಮೆ ಪ್ರಯತ್ನಿಸಿ ಬಿಟ್ಟುಬಿಟ್ಟರು. ಆಮೇಲೆ ನನ್ನ ಕಡೆ ತಿರುಗದೆ, ಕಿಟಕಿಯ ಆಚೆ ನೋಡುತ್ತಲೇ ಕೇಳಿದರು.

"ದಿನಾ ಬೆಳಿಗ್ಗೆ ಬಂದು ನನ್ನ ತಲೆ ಬಾಚಿಕೊಡ್ತೀಯಾ?"

ಇದರಲ್ಲಿ ದಾರಿ ಇಲ್ಲ, ಜೊತೆಗಾರರಿಲ್ಲ, ಯಾರೋ ಒಬ್ಬಳು ಹೆಂಗಸೂ ಇಲ್ಲ. ಎಂಟು ತಿಂಗಳಲ್ಲಿ ಅವರು ನನ್ನನ್ನು ನೇರವಾಗಿ ಕೇಳಿದ ಮೊದಲ ಮಾತು. ಬರ್ತೀನಿ ಅಂದೆ. ಇಷ್ಟು ಸುಲಭವಾಗಿ ಶನಿವಾರವೇ ಕೇಳಬಾರದಿತ್ತೇ ಅಂತ ನಾಲಿಗೆ ತುದಿಯ ತನಕ ಬಂತು.

ಯಾವ ಮುಖ ಇಟ್ಟುಕೊಂಡು ಕೇಳಲಿ?